ಸಂಘಮಿತ್ರಳನ್ನು ಕರೆತರಲು ಹೋಗಿ ಸೋತದ್ದು

ಗೌರಿಬಿದನೂರು, ಮಂಗಳವಾರ

ಅಕ್ಕನಿಗೆ ನಮಸ್ಕಾರ.

ಓದು ಬಿಡಿಸಿ ಮಗಳನ್ನು ಕರೆತಾ ಎಂದು ನೀನು ನನ್ನನ್ನು ಕಳಿಸಿದೆ. ಸಂಘಮಿತ್ರ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಕಪ್ಪುಬಿಳುಪು ಚೌಕಗಳನ್ನು ತೋರಿಸಿದಳು. ಮೇಲಿನ ಸಾಲಿನ ಮೂರು ಚೌಕ ನೋಡಿ ಕೆಳಗಿನ ಒಂದಕ್ಕೆ ಬಣ್ಣ ಹಾಕಬೇಕು, ನಿಯಮ ಅಷ್ಟೇ. ಇಡೀ ಲೋಕವೇ ಇಂಥ ಒಂದು ಪುಟ್ಟ ನಿಯಮದಿಂದ ನಡೆಯುತ್ತಿರಬಹುದೆಂದು ಇವಳೂ ಇವಳ ಕಾಲೇಜಿನ ಮೇಷ್ಟ್ರುಗಳೂ ಅದನ್ನು ಹುಡುಕುತ್ತಿದ್ದಾರಂತೆ!

ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಒಂದು ಹಿಡಿ ರೇಷ್ಮೆಗೂಡು ಅಲ್ಲಾಡಿಸಿ ಇಡೀ ರಾಶಿಯ ಗುಣ ಹೇಳುವವನು ನಾನು. "ಐದು ಸಾಲು ತೋರ್ಸಮ್ಮ, ಮಿಕ್ಕಿದ್ದು ನಾನ್ ಹೇಳ್ತೀನಿ. ನಾನ್ ಗೆದ್ರೆ ಊರಿಗೆ ಹೊರಡು, ಸೋತ್ರೆ ಓದ್ಕೋ" ಎಂದು ಪಂದ್ಯ ಕಟ್ಟಿದೆ. ಅವಳು ತೋರಿಸಿದ ಐದು ಸಾಲು ನೋಡಿ, ಸೀರೆಯ ಅಂಚಿನಂತೆ ಕೊನೆತನಕ ಒಂದೇ ಚಿತ್ತಾರ ಎಂದೆ.

ಗುಂಡಿ ಒತ್ತಿದಳು. ಎಡಗಡೆ ನಾನು ಹೇಳಿದಂತೆಯೇ ಬಂತು. ಬಲಗಡೆ ಹುಳು ಮೇಯ್ದ ಹಿಪ್ಪುನೇರಳೆ ಸೊಪ್ಪಿನ ಹಾಗೆ ತೂತೋ ತೂತು, ಒಂದರಂತೆ ಇನ್ನೊಂದಿಲ್ಲ!

"ಮೋಸ ಕಣೇ! ಮಧ್ಯೆ ಯಾರೋ ಕೈಯಾಡ್ಸವ್ರೆ."

"ಯಾರೂ ಇಲ್ಲ ಮಾವ, ಅದೇ ನಿಯಮ."

"ಸಾವಿರನೇ ಸಾಲಲ್ಲಿ ಏನ್ ಬರ್ತದೆ?"

"ಒಂದೊಂದೇ ಸಾಲು ಬರ್ಕೊಂಡು ಹೋಗಿ ನೋಡ್ಬೇಕು. ಅಡ್ಡದಾರಿ ಯಾರ್ಗೂ ಸಿಕ್ಕಿಲ್ಲ."

ನಂಬದೆ ಹಾಳೆಯ ಮೇಲೆ ನಾನೇ ಹನ್ನೆರಡು ಸಾಲು ಬರೆದೆ. ಅದೇ ಬಂತು. ಪಂದ್ಯ ಸೋತೆ ಅಕ್ಕ.

ಭಾನುವಾರ ಅವಳನ್ನು ನೋಡಲು ಬರುವ ಚಿಂತಾಮಣಿಯ ಗಂಡಿನವರಿಗೆ ಬೇಡವೆಂದು ಹೇಳು. ಓದಿದರೆ ಅವಳ ಬಾಳು ಹೀಗ್ಹೀಗೇ ಆಗುತ್ತದೆ ಎಂದು ನಿನ್ನನ್ನು ಹೆದರಿಸಿದವನು ನಾನೇ. ಆ ಮಾತು ವಾಪಸು ತೆಗೆದುಕೊಂಡೆ.

ನನ್ನ ಸಕ್ಕರೆ ಕಾಯಿಲೆಯ ಮಾತ್ರೆ ಶನಿವಾರದವರೆಗೆ ಇದೆ, ಅಲ್ಲಿಯವರೆಗೆ ಇಲ್ಲೇ ಇರುತ್ತೇನೆ. ಫೋನಿನಲ್ಲಿ ನಿನ್ನ ಬೈಗುಳ ತಿನ್ನಲಾರದೆ ಕಾರ್ಡು ಹಾಕಿದ್ದೇನೆ.

ನಿನ್ನ ತಮ್ಮ,
ನರಸಿಂಹಪ್ಪ