ಐವತ್ತೆರಡನೆಯ ಚೀಟಿ

ಕಾರಟಗಿ ಹತ್ತಿರದ ನಮ್ಮ ಕ್ಯಾಂಪು
ಸೋಮವಾರ, ೪ ಆಗಸ್ಟ್ ೨೦೨೫

ಪ್ರೀತಿಯ ಹುಲಗೆಮ್ಮಕ್ಕನಿಗೆ,

ಇವತ್ತು ಬೆಳಿಗ್ಗೆ ಶಾಲೆಯ ಕೆಲಸಕ್ಕೆ ಹೊರಟಾಗ ಕಾಲುವೆ ಸೇತುವೆಯ ಮೇಲೆ ಒಂದು ಎಮ್ಮೆ ನಿಂತಿತ್ತು. ಹಿಂದಿನಿಂದ ಟಂಟಂ ಆಟೋ ಬಂತು, ಹಾರ್ನ್ ಹೊಡೆಯಿತು. ಎಮ್ಮೆ ತಲೆ ಕೂಡ ತಿರುಗಿಸಲಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಕಟ್ಟೆಗೆ ಮೈ ಒತ್ತಿಕೊಂಡು ನಿಂತಿತು. ಗಾಡಿ ಹೋದ ಮೇಲೆ ಮತ್ತೆ ನಡುರಸ್ತೆಗೆ ಬಂತು. ಅಷ್ಟೇ. ಅದನ್ನು ನಿನಗೆ ಹೇಳಬೇಕು ಅನಿಸಿತು, ಅದಕ್ಕೇ ಈ ಕಾಗದ.

ಕರ್ತನ ಕೃಪೆಯಿಂದ ನೀನು, ಮಾವ, ಕೂಸು ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ಮೂರು ತಿಂಗಳಾಯಿತು ಬರೆದು, ತಪ್ಪು ನನ್ನದೇ. ಫೋನ್ ಮಾಡಬಹುದಿತ್ತು. ಆದರೆ ನೀನು ಫೋನ್ ಎತ್ತಿದ ಕೂಡಲೇ ಸ್ಪೀಕರ್ ಹಾಕುತ್ತೀ. ಆಮೇಲೆ ಮಾವನ ಕೆಮ್ಮು ಕೇಳುತ್ತದೆ. ನಾನು "ಆ ಕಡೆ ಮಳಿ ಆತೇನ?" ಎಂದು ಕೇಳಿ ಇಟ್ಟುಬಿಡುತ್ತೇನೆ. ಕಾಗದಕ್ಕೆ ಸ್ಪೀಕರ್ ಇಲ್ಲ. ವಿಳಾಸದಲ್ಲಿ ನಿಮ್ಮ ಊರು ಮಂಗಳೂರಿನ ಮುಂದೆ ಯಲಬುರ್ಗಾ ತಾಲೂಕು ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಹೋದ ಸಲದ ಕಾಗದ ಸಮುದ್ರದ ಮಂಗಳೂರು ನೋಡಿ ಬಂದಿತ್ತಲ್ಲ.

ಆಯಿ ಗಟ್ಟಿಯಾಗಿದ್ದಾಳೆ. ಆದರೆ ಮಗಳು, ನಮ್ಮ ಅವ್ವ, ತೀರಿಹೋದಾಗಿನಿಂದ ಎಮ್ಮೆ ಹಾಲು ಮುಟ್ಟಿಲ್ಲ. ಕರೇ ಚಹಾ ಕುಡಿಯುತ್ತಾಳೆ. ಮುಂಜಾನೆ ಅಂಗಳ ಕಸ ಹೊಡೆಯುವಾಗ "ಆ ಎಮ್ಮಿ ಕಾಲು ಮುರೀಲಿ, ಅದರ ಕೆಚ್ಚಲ ಬತ್ತಲಿ" ಎಂದು ಶಪಿಸುತ್ತಾಳೆ. ಇಲ್ಲದ ಎಮ್ಮೆಗೆ ಒಂದು ವರ್ಷದಿಂದ ಶಾಪ ತಗಲುತ್ತಿದೆ. ನಾನು ಕೇಳಿಸಿಕೊಂಡು ತಲೆ ಬಾಚಿಕೊಳ್ಳುತ್ತೇನೆ.

ಬರುವ ಭಾನುವಾರ, ಹತ್ತನೇ ತಾರೀಕಿಗೆ, ಅವ್ವ ಹೋಗಿ ವರ್ಷ ತುಂಬುತ್ತದೆ. ನಾಟಿಗೆ ಹೊರಟ ಹನ್ನೆರಡು ಹೆಂಗಸರನ್ನು, ತವರಿಗೆ ಬಂದಿದ್ದ ನಿನ್ನನ್ನೂ ಸೇರಿಸಿ, ತುಂಬಿಕೊಂಡು ಉಮಾಪತಿಯ ಟಂಟಂ ಕಾಲುವೆಗೆ ಬಿತ್ತು. ಹನ್ನೊಂದು ಮಂದಿ ಎದ್ದು ಬಂದಿರಿ. ಅವ್ವ ಬರಲಿಲ್ಲ. ಹನ್ನೊಂದು ಮಂದಿಯೂ ಪೊಲೀಸರ ಮುಂದೆ ಒಂದೇ ಮಾತು ಹೇಳಿದಿರಿ: "ಎಮ್ಮಿ ಅಡ್ಡ ಬಂತರಿ." ಹೇಳಿಕೆಯ ಪ್ರತಿ ನನ್ನ ಟ್ರಂಕಿನಲ್ಲಿದೆ. "ಅಪರಿಚಿತ ಎಮ್ಮೆ" ಎಂದು ಬರೆದಿದ್ದಾರೆ. ಐಚ್ಛಿಕ ಕನ್ನಡ ಓದಿದವಳು ನಾನು, ಅಂಥ ಪದ ಎಲ್ಲೂ ನೋಡಿರಲಿಲ್ಲ. ನಮ್ಮ ಕ್ಯಾಂಪಿನಲ್ಲಿ ಅಪರಿಚಿತ ಎಮ್ಮೆ ಅಂದರೆ ಏನು ಅಕ್ಕಾ? ಇಲ್ಲಿ ಎಮ್ಮೆ ಅಂದರೆ ಅದಕ್ಕೊಂದು ಹಗ್ಗ, ಹಗ್ಗಕ್ಕೊಂದು ಗೂಟ, ಗೂಟಕ್ಕೊಬ್ಬ ಯಜಮಾನ.

ಮನೆ ಮನೆಗೆ ಹೋಗಿ ಕೇಳಿದೆ. ನನಗೆ ಮಾತಾಡುವುದೆಂದರೆ ಎಷ್ಟು ನಾಚಿಕೆ, ನಿನಗೆ ಗೊತ್ತು. ಹಾಲು ಕೇಳುವ ನೆಪದಲ್ಲಿ ಹೋದೆ. ಇಪ್ಪತ್ತೊಂದು ಎಮ್ಮೆಗಳಿವೆ. ಆರು ಎಮ್ಮೆಗಳ ಹಾಜಿಸಾಬ ಚರಿಗೆಗೆ ಹಾಲು ಸುರಿಯುತ್ತ ಹೇಳಿದ: "ಅವತ್ತ ನನ್ನವು ಎಲ್ಲಾ ಕೊಟ್ಟಿಗ್ಯಾಗ ಇದ್ದುವಮ್ಮ. ನನ್ನ ಎಮ್ಮಿ ಆಗಿದ್ರ ನಾನ ಬಂದು ನಿಮ್ಮ ಆಯಿ ಕಾಲು ಹಿಡೀತಿದ್ದೆ. ಹೆಣ ಬಿದ್ದ ಮ್ಯಾಲೂ ಬಾಯಿ ಮುಚಗೊಂಡು ಇರೋದು ಮನಷ್ಯಾರ ಕೆಲಸ, ಎಮ್ಮೀದಲ್ಲ." ಆ ಹಾಲನ್ನು ಆಯಿಗೆ ಕಾಣದ ಹಾಗೆ ಬೆಕ್ಕಿಗೆ ಹಾಕಿದೆ.

ಎಮ್ಮೆ ಇರಲಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಉಮಾಪತಿ ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು, ತನ್ನ ಮುಖದ ವಿಡಿಯೋ ತಾನೇ ಮಾಡಿಕೊಳ್ಳುತ್ತಿದ್ದ. ಎಮ್ಮೆಯನ್ನು ಹುಟ್ಟಿಸಿದವಳು ಅವನ ತಾಯಿ ಮಾರೆಮ್ಮ. ಅವತ್ತು ಸಂಜೆಯೊಳಗೆ ಅವಳು ಹತ್ತು ಮನೆಗಳ ಹೊಸ್ತಿಲು ತುಳಿದಿದ್ದಳು. ಮಣ್ಣು ಮಾಡಿದ ಮೇಲೆ ಪಾಸ್ಟರ್ ದ್ಯಾಮಣ್ಣ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಹೋದಾಕಿ ತಿರುಗಿ ಬರಂಗಿಲ್ಲ ಮಗಳ. ಇದ್ದ ಹುಡುಗನ್ನ ಯಾಕ ಕಳಕೋಬೇಕು? ಅಂವನೂ ನಮ್ಮ ಸಭಿ ಕೂಸು. ನೀ ಪ್ರಾರ್ಥನಿ ಮಾಡು."

ಸರಿ, ಪ್ರಾರ್ಥನೆ ಮಾಡಿದೆ.

ನಮ್ಮ ತಗಡಿನ ಪ್ರಾರ್ಥನಾ ಮಂದಿರದ ಬಾಗಿಲ ಹತ್ತಿರ ಬಿಸ್ಕತ್ತಿನ ಡಬ್ಬಿಗೆ ಸೀಳು ಮಾಡಿ ಇಟ್ಟಿದ್ದಾರೆ, ನೆನಪಿದೆಯಲ್ಲ? ಬೇಡಿಕೆ ಬರೆದು ಹಾಕಬೇಕು, ಪಾಸ್ಟರ್ ಒಂದೊಂದೇ ತೆಗೆದು ಗಟ್ಟಿಯಾಗಿ ಓದುತ್ತಾರೆ, ಸಭೆಯೆಲ್ಲ ಕೈ ಎತ್ತಿ ಪ್ರಾರ್ಥಿಸುತ್ತದೆ. ಬರೆಯಲು ಬಾರದವರಿಗೆ ಬರೆದುಕೊಡುವವಳು ಈಗಲೂ ನಾನೇ. ಸೊಂಟದ ನೋವು, ಸೊಸೆಯ ಹೆರಿಗೆ, ಕುಡುಕ ಗಂಡ, ಎಲ್ಲವೂ ನನ್ನ ಕೈಯಿಂದಲೇ ದೇವರಿಗೆ ಹೋಗುತ್ತವೆ. ಎಲ್ಲ ಚೀಟಿಯೂ ನನ್ನ ಅಕ್ಷರವಾದ್ದರಿಂದ ನನ್ನ ಚೀಟಿ ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ಐವತ್ತೊಂದು ಭಾನುವಾರ ಒಂದೇ ಚೀಟಿ ಹಾಕಿದ್ದೇನೆ: "ಒಬ್ಬ ಸಹೋದರಿಗೆ ಎದುರಾಳಿಯ ಮೇಲೆ ನ್ಯಾಯ ಸಿಗಲಿ." ಪಾಸ್ಟರ್ ಓದುತ್ತಾರೆ. ಟಂಟಂನಲ್ಲಿದ್ದ ಹೆಂಗಸರೇ ಮೊದಲು ಕೈ ಎತ್ತುತ್ತಾರೆ. ಒಂದು ವಾರ ನನ್ನ ಮುಂದೆ ಕೂತಿದ್ದವರಲ್ಲಿ ಒಬ್ಬಳು "ಯಾರಿಗೋ ಅತ್ತಿ ಕಾಟ ಭಾಳ ಐತಿ ಅನಸ್ತೈತಿ" ಅಂದಳು. ಇನ್ನೊಬ್ಬಳು "ಅತ್ತಿ ಸಾಯೋತನಕ ಬಿಡಂಗಿಲ್ಲ ಬಿಡ ಈಕಿ" ಅಂದಳು. ಬಾಯಿಗೆ ಸೆರಗು ಹಿಡಿದು ನಕ್ಕರು. ನಕ್ಕು, ನನ್ನ ಶತ್ರುವಿನ ವಿರುದ್ಧ ಭಕ್ತಿಯಿಂದ ಪ್ರಾರ್ಥಿಸಿದರು. ಆ ಶತ್ರುಗಳ ಸಾಲಿನಲ್ಲಿ ಅವರೂ ಇದ್ದರು.

ನನಗೆ ಧೈರ್ಯ ಕೊಟ್ಟಿದ್ದು ಪಾಸ್ಟರರ ಭಾನುವಾರದ ಪ್ರಸಂಗವೇ. ಬೇಸರವಿಲ್ಲದೆ ಕೇಳುತ್ತಿರಬೇಕು ಎಂದು ಹೇಳುವಾಗಲೆಲ್ಲ ಅವರು ಬೈಬಲಿನ ಆ ವಿಧವೆಯ ಕಥೆ ತೆಗೆಯುತ್ತಾರೆ. ದೇವರಿಗೂ ಹೆದರದ, ಮನುಷ್ಯರಿಗೂ ನಾಚದ ನ್ಯಾಯಾಧೀಶನ ಬಾಗಿಲಿಗೆ ಅವಳು ದಿನಾ ಹೋಗಿ, ಕಡೆಗೆ ಅವನ ತಲೆ ಚಿಟ್ಟು ಹಿಡಿಸಿ ಕೆಲಸ ಮಾಡಿಸಿಕೊಂಡ ಕಥೆ. ಪಾಸ್ಟರ್ "ಬಿಡದೆ ಕೇಳಿದಳು" ಎಂಬಲ್ಲಿ ನಿಲ್ಲುತ್ತಾರೆ. ಏನು ಕೇಳಿದಳು ಎಂಬುದನ್ನು ದಾಟಿ ಹೋಗುತ್ತಾರೆ. ಅವಳು ಶಾಂತಿ ಕೇಳಲಿಲ್ಲ ಅಕ್ಕಾ. ಮರೆಯುವ ಶಕ್ತಿ ಕೇಳಲಿಲ್ಲ. ನನಗೊಬ್ಬ ಎದುರಾಳಿ ಇದ್ದಾನೆ, ತೀರ್ಪು ಕೊಡು ಅಂದಳು. ಮನೆಯೊಳಗೆ ಮೊಣಕಾಲೂರಿ ಕೂತು ಅನ್ನಲಿಲ್ಲ, ಬಾಗಿಲಿಗೆ ಹೋಗಿ ಅಂದಳು. ನಮ್ಮ ಅವ್ವನೂ ವಿಧವೆಯೇ ಆಗಿದ್ದಳು. ಅವಳ ಪರವಾಗಿ ಹೋಗುವವರು ಯಾರು?

ನಾನು ಚೀಟಿ ಹಾಕತೊಡಗಿದ ಹತ್ತನೆಯ ಭಾನುವಾರ ಉಮಾಪತಿ ಎದ್ದು ನಿಂತು ದೇವರು ತನಗೆ ಮಾಡಿದ ಉಪಕಾರ ಹೇಳಿದ. "ಸಭಿಗೆ ವಂದನಿ. ನಾ ಕೆನಾಲ ತಳಕ್ಕ ಹೋಗಿದ್ದೆ. ಕರ್ತನ ಕೈ ಬಂದು ನನ್ನ ಕಾಲರ್ ಹಿಡಿದು ಮ್ಯಾಲ ಎಳೀತು. ಆ ಕೈ ನನ್ನ ಕುತಗಿಗೆ ತಾಗಿದ್ದು ಈಗೂ ಗೊತ್ತಾಕ್ಕೈತಿ." ಗಂಡಸರ ಕಡೆಯಿಂದ "ಹಲ್ಲೆಲೂಯಾ" ಕೂಡಲೇ ಬಂತು. ಹೆಂಗಸರ ಕಡೆಯಿಂದ ಸ್ವಲ್ಪ ತಡವಾಗಿ ಬಂತು. ಬೇರೆ ಯಾರೂ ಗಮನಿಸಲಿಲ್ಲ, ನಾನು ಗಮನಿಸಿದೆ. ಅವತ್ತಿನಿಂದ ನಾನು ಅವನ ಮುಖ ನೋಡುವುದಿಲ್ಲ, ಕಾಲರ್ ನೋಡುತ್ತೇನೆ. ಹಿಂದಿನ ಸಾಲಿನಲ್ಲಿ ಕೂತರೆ ಚೆನ್ನಾಗಿ ಕಾಣುತ್ತದೆ.

ಆ ಹೊತ್ತಿಗೆ ಮಾರೆಮ್ಮ ಚಿಗವ್ವ ವಾರವಾರ ನನ್ನಿಂದ ಚೀಟಿ ಬರೆಸುತ್ತಿದ್ದಳು. "ನನ್ನ ಮಗ ಉಮಾಪತಿ ನಿದ್ದಿ ಮಾಡವಲ್ಲ. ಕಣ್ಣು ಹತ್ತತಿದ್ದಂಗ ಕಾಲರ್ ಹಿಡಕೊಂಡು ಎದ್ದು ಕೂಡತಾನ. ಅಂವಗ ನಿದ್ದಿ ಕೊಡು ಅಂತ ಬರಿಯವ್ವ." ಮೊದಲ ಹತ್ತು ವಾರ ಬರೆದೆ. ಬರೆಯುವಾಗ ಒಳಗೊಳಗೆ ಸಂತೋಷವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಪ್ರಾರ್ಥನೆ ಕೇಳಿಸಿದೆ ಎಂದು ಅವಳ ಬಾಯಿಂದಲೇ ಗೊತ್ತಾಗುತ್ತಿತ್ತು. ಅವನು ಎದ್ದು ನಿಂತು ಮಾತಾಡಿದ ಮೇಲೆ ಬರೆಯುವುದನ್ನು ಬಿಟ್ಟೆ. ಪೆನ್ನನ್ನು ಕಾಗದಕ್ಕೆ ತಾಗಿಸದೆ ಆಡಿಸಿ, ಖಾಲಿ ಹಾಳೆ ಮಡಚಿ ಕೊಡುತ್ತೇನೆ. ಅವಳು ಸೆರಗಿನ ದಾರ ಕಿತ್ತು ಅದಕ್ಕೆ ಸುತ್ತುತ್ತಾಳೆ, ದೇವರಿಗೆ ಗುರುತು ಸಿಗಲಿ ಎಂದು. ಪಾಸ್ಟರ್ ದಾರ ಬಿಚ್ಚಿ ನೋಡಿ, "ಖಾಲಿ ಐತಿ. ಮನಸಿನಾಗಿಂದು ಕರ್ತಗ ಗೊತ್ತೈತಿ" ಎಂದು ಮುಂದಿನದಕ್ಕೆ ಹೋಗುತ್ತಾರೆ. ಹೀಗೆ ನಲವತ್ತೊಂದು ವಾರ. ನೀನು ಬೈಯುತ್ತೀ ಎಂದು ಗೊತ್ತು. ಬೈ.

ನಿನ್ನೆ ಅವಳು ಚೀಟಿ ಬರೆಸಲು ಬಂದಾಗ ಡಬ್ಬಿಯಲ್ಲಿ ಮಂಡಕ್ಕಿ ಒಗ್ಗರಣೆ ತಂದಿದ್ದಳು.

"ಸುವಾರ್ತವ್ವ, ಖರೇ ಹೇಳು. ನೀ ಬರಿಯಾಕಿ ಹೌದಿಲ್ಲೋ?"

ಪೆನ್ನಿನ ಮುಚ್ಚಳ ತೆಗೆದೆ. "ಬರೀತೀನಲ್ಲ ಚಿಗವ್ವ, ನಿಮ್ಮ ಮುಂದನ."

"ಅದ ಮತ್ತ. ನಾನ ಕಣ್ಣಾರೆ ನೋಡೇನಿ. ನೀ ಬರದದ್ದನ್ನ ದೇವರು ಅಳಸಾಕತ್ತಾನ." ಮಂಡಕ್ಕಿ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. "ಉಳಿದಾರ ಅಕ್ಷರ ಉಳೀತಾವ, ನನ್ನವ ಅಳೀತಾವ. ನಾ ಒಂದು ಮಾತು ಕಟ್ಟಿದ್ದೆ. ಅದರ ಸಲುವಾಗಿ ಇರಬೇಕು."

"ಯಾವ ಮಾತು ಚಿಗವ್ವ?"

ಹೇಳುತ್ತಾಳೆ ಅಂದುಕೊಂಡೆ. ತುಟಿ ಅಲ್ಲಾಡಿತು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಏನಿಲ್ಲ ಬಿಡು. ಈ ಸಲ ದಪ್ಪ ಅಕ್ಷರದಾಗ ಬರಿ. ಅಳಸಾಕ ಅಂವಗೂ ಕಷ್ಟ ಆಗಬೇಕು. ಬಾಗಲಾ ಬಡಕೋತನ ಇರಬೇಕವ್ವ, ಬ್ಯಾಸತ್ತರ ತೆಗೀತಾನ" ಅಂದಳು. ನಾನು ದಪ್ಪ ಅಕ್ಷರದಲ್ಲಿ ಏನೂ ಬರೆಯಲಿಲ್ಲ. ಒಗ್ಗರಣೆಯನ್ನು ಮಾತ್ರ ತಿನ್ನಲಾಗಲಿಲ್ಲ.

ಆರಾಧನೆ ಮುಗಿದ ಮೇಲೆ ಪಾಸ್ಟರ್ ಕರೆದರು. ಗುರುವಾರ ಗಂಗಾವತಿಯಲ್ಲಿ ಅವರ ಕಣ್ಣಿನ ಪೊರೆ ತೆಗೆಯುತ್ತಾರಂತೆ, ಒಂದು ತಿಂಗಳು ಓದಬಾರದಂತೆ. "ಮುಂದಿನ ವಾರದಿಂದ ಚೀಟಿ ನೀನ ಓದು. ಅವತ್ತ ನಿಮ್ಮ ಅವ್ವನ ವರ್ಷದ ಪ್ರಾರ್ಥನಿನೂ ಐತಿ, ಛಲೋ ಆಕ್ಕೈತಿ. ಅಂಜಬ್ಯಾಡ, ಬಾಯಿ ಬಿಟ್ಟು ಓದು" ಅಂದರು. ಕಾಲೇಜಿನಲ್ಲಿ ಹಾಜರಿ ಕೂಗಿದರೂ ಕೈ ಎತ್ತುತ್ತಿದ್ದವಳು ನಾನು, ಬಾಯಿ ಬಿಡುತ್ತಿರಲಿಲ್ಲ. "ಆಗ್ಲಿರಿ" ಅಂದೆ. ನನ್ನ ಧ್ವನಿ ನನಗೇ ಕೇಳಿಸಿತು.

ನಾನು ಮಾಡುವುದು ಇಷ್ಟು. ಮೊದಲು ಮಾರೆಮ್ಮನ ಚೀಟಿಯನ್ನು ಅವಳು ಹೇಳಿದ ಹಾಗೆಯೇ, ಒಂದಕ್ಷರ ಬಿಡದೆ ಬರೆದು ಓದುತ್ತೇನೆ. ಅವಳ ದೇವರನ್ನು ನಲವತ್ತೊಂದು ವಾರ ಅಡ್ಡಗಟ್ಟಿದ್ದು ಸಾಕು. ಅವಳ ಪ್ರಾರ್ಥನೆಗೆ ನನಗೆ ಹೆದರಿಕೆ ಇಲ್ಲ. ಆಮೇಲೆ ನನ್ನದು. ಈ ಸಲ "ಒಬ್ಬ ಸಹೋದರಿ" ಇರುವುದಿಲ್ಲ. "ಭೀಮಕ್ಕನ ಕಿರಿಯ ಮಗಳು ಸುವಾರ್ತ ಕೇಳುವುದೇನೆಂದರೆ: ಅದು ಯಾರ ಎಮ್ಮೆ? ಕರ್ತನು ಈ ಸಭೆಯಲ್ಲಿರುವ ಹತ್ತು ಬಾಯಿಗಳಿಂದ ಉತ್ತರ ಕೊಡಲಿ." ಓದಿ ಅಲ್ಲೇ ನಿಲ್ಲುತ್ತೇನೆ. ಅವರು ಕೈ ಎತ್ತುತ್ತಾರೋ ಇಲ್ಲವೋ ನೋಡಬೇಕು.

ಕೂಸಿನ ಕೆನ್ನೆಗೆ ನನ್ನ ಮುತ್ತು ಕೊಡು. ಹಲ್ಲು ಬಂತಾ? ಮಾವನಿಗೆ ವಂದನೆ ಹೇಳು. ನಿನ್ನ ಭುಜದ ಮೂಳೆ ಚಳಿಗೆ ಈಗಲೂ ನೋಯುತ್ತದೆಯೇ? ದೇವರು ನಿನ್ನನ್ನು ಕಾಯಲಿ. ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ ತಂಗಿ,
ಸುವಾರ್ತ

ಇನ್ನೊಂದು ಮಾತು. ಇದನ್ನು ಸಹಿಯ ಮೇಲೆ ಬರೆಯಲು ಕೈ ಬರಲಿಲ್ಲ. ಅವತ್ತು ಆಸ್ಪತ್ರೆಯಲ್ಲಿ, ಬೇರೆ ಯಾರೂ ಬರುವ ಮುಂಚೆ, ನೀನು ನನ್ನ ಕೈ ಹಿಡಿದು ಎಲ್ಲ ಹೇಳಿದ್ದೆ. ಟಂಟಂನ ಕಂಬಿ ಹಿಡಿದು ತೇಲುತ್ತಿದ್ದ ನೀನು ಕಣ್ಣಾರೆ ಕಂಡಿದ್ದೆ. ಅವ್ವ ಹೊಳೆದಂಡೆಯಲ್ಲಿ ಬೆಳೆದವಳು, ಈಜು ಬರುತ್ತಿತ್ತು. ಹತ್ತಿರ ಸಿಕ್ಕವನು ಉಮಾಪತಿ, ಅವನ ಕಾಲರ್ ಹಿಡಿದು ದಂಡೆಗೆ ಎಳೆದಳು. ಮತ್ತೆ ಇಳಿದಳು, ನಿನ್ನ ಜಡೆ ಹಿಡಿದು ಮೇಲೆ ದಬ್ಬಿದಳು. ಇನ್ನೊಬ್ಬಳಿಗೆಂದು ಮೂರನೆಯ ಸಲ ಇಳಿದವಳು ಬರಲಿಲ್ಲ. ಮರುದಿನ ಮಾರೆಮ್ಮ ಬಂದು ನಿನ್ನ ಮಂಚದ ಹತ್ತಿರ ಕೂತು ಹೋದಳು. ಆಮೇಲೆ ಪೊಲೀಸರು ಬಂದಾಗ ನೀನು ಗೋಡೆ ನೋಡುತ್ತ "ಎಮ್ಮಿ" ಅಂದೆ. ಹೇಳಿಕೆಯಲ್ಲಿ ಮೊದಲನೆಯ ಸಹಿ ನಿನ್ನದು. ಯಾಕಕ್ಕಾ ಎಂದು ಕೇಳಿದ್ದಕ್ಕೆ, "ಪ್ರಾರ್ಥನಿ ಮಾಡು ಸುವಾರ್ತಾ, ಕರ್ತ ನೋಡ್ಕೋತಾನ" ಅಂದೆ.

ಐವತ್ತೊಂದು ಸಲ "ಎದುರಾಳಿ" ಎಂದು ಬರೆದಾಗ ನನ್ನ ಕಣ್ಣ ಮುಂದೆ ಬಂದ ಮುಖ ಉಮಾಪತಿಯದಲ್ಲ.

ಐವತ್ತೆರಡನೆಯ ಚೀಟಿಯಲ್ಲಿ ಇನ್ನೂ ಎರಡು ಸಾಲು ಇವೆ: "ಉಮಾಪತಿಯ ಕಾಲರ್ ಹಿಡಿದು ಎತ್ತಿದ ಕೈ ಭೀಮಕ್ಕನದು. ಕಂಡವಳು ಅವಳ ಹಿರಿಯ ಮಗಳು ಹುಲಗೆಮ್ಮ, ಅವಳನ್ನು ಎತ್ತಿದ್ದೂ ಅದೇ ಕೈ." ಆರಾಧನೆ ಹತ್ತು ಗಂಟೆಗೆ. ಶನಿವಾರ ಸಂಜೆಯ ಬಸ್ಸಿಗೆ ಬಂದು, ನೀನೇ ಎದ್ದು ಹೇಳಿದರೆ ನಾನು ಆ ಎರಡು ಸಾಲು ಓದುವುದಿಲ್ಲ. ನನ್ನ ಪಕ್ಕದಲ್ಲಿ ಜಾಗ ಹಿಡಿದಿರುತ್ತೇನೆ. ಬರದಿದ್ದರೆ ಓದುತ್ತೇನೆ. ಮಾರೆಮ್ಮ ಹೇಳಿದ ಹಾಗೆ ದಪ್ಪ ಅಕ್ಷರದಲ್ಲಿ ಬರೆದು ಇಟ್ಟಿದ್ದೇನೆ.