ಅಪ್ಪ ಆರಿಸಿದ ಜನರೇಟರ್

೧೨-೪-೧೯೯೬, ಶುಕ್ರವಾರ

ಕಣ್ಣೇ ಕಾಣದ ಅಪ್ಪ ಇವತ್ತು ಗುಂಡ್ಲುಪೇಟೆಯಲ್ಲಿ ಜನರೇಟರ್ ಆರಿಸಿದರು. ನನಗಿನ್ನೂ ಸಿಟ್ಟು ಪೂರ್ತಿ ಇಳಿದಿಲ್ಲ.

ಸಂಜೆ ಕರೆಂಟು ಹೋದರೆ ಅವ್ವ ಅವರಿಗೆ ಪೇಪರ್ ಓದಿ ಹೇಳುವುದು ನಿಂತುಹೋಗುತ್ತದೆ. ಅದೊಂದೇ ಅಪ್ಪನ ದೂರು. ನಾನು ಫ್ಯಾನು, ಟೀವಿ ಎಲ್ಲ ನಡೆಸುವ ದೊಡ್ಡ ಹಳೇ ಮೆಷಿನ್ ತೋರಿಸಿದೆ. ಅಂಗಡಿಯ ಮುನಾವರ್ ಅದನ್ನು ಚಾಲೂ ಮಾಡಿದರು. ಅಪ್ಪ ಅವ್ವನ ಕೈಗೆ ಪೇಪರ್ ಕೊಡಿಸಿ, "ಓದಮ್ಮಿ" ಅಂದರು. ಆ ಗದ್ದಲದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಅದೇ ಬೆಲೆಯ ಪುಟ್ಟದನ್ನು ಹಚ್ಚಿದಾಗ ಅವ್ವನ ದನಿ ಕೇಳಿಸಿತು.

"ಇದೇ ಇರ್ಲಿ ಕಣ್ಲಾ."

"ಇದ್ರಲ್ಲಿ ಎರಡೇ ಬಲ್ಬ್ ಉರಿಯೋದಪ್ಪ!"

"ನಿಮ್ಮವ್ವ ಓದಕ್ಕೆ ಒಂದು ಸಾಕು, ಬುಡು."

ಮುನಾವರ್ ಮೆಷಿನ್ ನಿಲ್ಲಿಸಿದರು. ಅವ್ವ ಓದುತ್ತಲೇ ಇದ್ದಳು. ನಮ್ಮೂರು ಭೀಮನಬೀಡಿನ ಬಸ್ಸು ಹೊರಟೇ ಹೋಯಿತು. ನಾನೂ ಅಪ್ಪ ಅವ್ವನನ್ನು ಕರೆಯಲಿಲ್ಲ.