ಹಸಿರು ಗಲ್ಲಿ

ಮಾರ್ಚ್ 4, ಸಂಜೆ
ಇವತ್ತು ಹದಿನಾಲ್ಕು ಸರ್ವೆ ಫಾರ್ಮ್. ಕಾಲು ಸೋತು ಹೋಗಿವೆ. ಕಬನೂರಿನಲ್ಲಿ ಕೊನೆಗೆ ಉಳಿದದ್ದು ನಮ್ಮ ಗಲ್ಲಿ, ಅದೂ ಮುಗಿಯಿತು. ಸ್ವಂತ ಗಲ್ಲಿಯ ಸರ್ವೆ ಮಾಡಬಾರದೆಂದು ನಿಯಮವಿದೆ. ಆಫೀಸಿನಲ್ಲಿ ಕೊಟ್ಟದ್ದು ಕೊಲ್ಲಾಪುರದ ಹಾಸ್ಟೆಲ್ ವಿಳಾಸ. ಇದು ನನ್ನದೇ ಗಲ್ಲಿ ಎಂದು ಅಲ್ಲಿ ಹೇಳಲಿಲ್ಲ.

ಪಕ್ಕದ ಮನೆ ಚೆನ್ನವ್ವ. ನಡುವೆ ಒಂದೇ ಗೋಡೆ. ಪ್ರಶ್ನೆ 17 — ಮನೆಯಲ್ಲಿ ಕುಡಿತ, ಹೊಡೆತ ಇದೆಯೇ? ಹೌದು ಎನ್ನುತ್ತಾಳೆಂದು ಅಂದುಕೊಂಡಿರಲಿಲ್ಲ.

"ಹೊಡೀತಾನವಾ. ಮಗ್ಗ ಚಾಲೂ ಇದ್ದಾಗನ ಹೊಡೀತಾನ, ಯಾರಿಗೂ ಕೇಳಸಬಾರದಂತ. ಇಲ್ಲೀತನಕ ಯಾರ ಮುಂದೂ ಅಂದಿಲ್ಲ. ನೀ ಕೇಳಿದಿ, ಹೇಳೇನಿ. ಬರಕೋ."

ಬರೆದುಕೊಂಡೆ. ಅವಳ ಗಂಡ ಮಾಯಪ್ಪನೇ ಚಿಕ್ಕಂದಿನಲ್ಲಿ ನನ್ನನ್ನು ಸೈಕಲ್ ಮೇಲೆ ಶಾಲೆಗೆ ಬಿಡುತ್ತಿದ್ದವನು.

ಮಾರ್ಚ್ 7, ಕೊಲ್ಲಾಪುರ
ಮೀಟಿಂಗ್. ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಭೂಗೋಳ, ಒಬ್ಬ ಡಾಕ್ಟರು — ನಾಲ್ವರೂ ಒಪ್ಪಿದ್ದು ಚಹಾದ ವಿಷಯದಲ್ಲಿ ಮಾತ್ರ. ಪ್ರಾಜೆಕ್ಟಿನ ಮುಖ್ಯಸ್ಥೆ ಪ್ರಾಜಕ್ತಾ ಮೇಡಂ ನಕಾಶೆ ಅಂಟಿಸಿದರು. ಅಪರಾಧ, ವ್ಯಸನ ಬರೀ ಮನುಷ್ಯನಲ್ಲಿ ಇರುವುದಿಲ್ಲ, ಅವನು ಬೆಳೆದ ಓಣಿಯಲ್ಲೂ ಇರುತ್ತದೆ ಅಂತ ಅವರ ಮಾತು. ಫಾರ್ಮುಗಳ ಲೆಕ್ಕದಲ್ಲಿ ಕೆಟ್ಟ ಗಲ್ಲಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು. ಕೆಂಪು ಗಲ್ಲಿಗೆ ವಾರಕ್ಕೆ ಎರಡು ಸಲ ಕೌನ್ಸೆಲರ್. ಗಲ್ಲಿಯ ಮೂಲೆಗೆ ವ್ಯಸನಮುಕ್ತಿ ಬ್ಯಾನರ್.

ಬ್ಯಾನರ್ ಅಂದ ಕೂಡಲೇ ಮನೆ ನೆನಪಾಯಿತು. ವೃಷಾಲಿ ಅಕ್ಕನನ್ನು ನೋಡಲು ಹದಿನೇಳಕ್ಕೆ ಗಡಹಿಂಗ್ಲಜದವರು ಬರುತ್ತಾರೆ. ಈಗಾಗಲೇ ಎರಡು ಸಂಬಂಧ ಗಲ್ಲಿಯ ಹೆಸರು ಕೇಳಿಯೇ ಮುರಿದಿವೆ.

ಮಾರ್ಚ್ 8
ಇನ್ನೂ ಆಫೀಸಿಗೆ ಕೊಟ್ಟಿರದ ನಮ್ಮ ಗಲ್ಲಿಯ ಫಾರ್ಮುಗಳನ್ನೆಲ್ಲ ಹರಿದು ಹೊಸದಾಗಿ ತುಂಬಿದೆ. ಎಲ್ಲದಕ್ಕೂ "ಇಲ್ಲ". ಚೆನ್ನವ್ವನದಕ್ಕೂ.

ಮಾರ್ಚ್ 17
ಬಂದರು. ಹುಡುಗನ ಸೋದರಮಾವ ಚಾಲಾಕು. ಚಹಾ ಕುಡಿದವನೇ ಹೊರಗೆ ಹೋಗಿ ಚೆನ್ನವ್ವನನ್ನು ವಿಚಾರಿಸಿದ.

"ಗಲ್ಲಿ ಹ್ಯಾಂಗೈತ್ರಿ ಅಕ್ಕಾರ?"

"ಭಾಳ ಚೊಲೋ ಐತ್ರಿ. ಕುಡ್ಯಾವರಿಲ್ಲ, ಬಡಿದಾಡವರಿಲ್ಲ. ಹುಡುಗಿ ಅಂತೂ ಬಂಗಾರ."

ಬಲಗೈ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಮಣಿಕಟ್ಟು ಊದಿತ್ತು.

ಸಂಬಂಧ ಕೂಡಿತು. ಪೇಡೆ ಹಂಚಲು ನನ್ನನ್ನೇ ಕಳಿಸಿದರು. ಅವಳಿಗೆ ಕೊಡುವಾಗ ಮುಖ ನೋಡಲಾಗಲಿಲ್ಲ.

ಮೇ 2
ಕೌನ್ಸೆಲರ್ ಹಿಂದಿನ ಗಲ್ಲಿಗೆ ಬರುತ್ತಿದ್ದಾಳೆ. ನಾವು ಹಸಿರು. ನಲ್ಲಿಯ ಹತ್ತಿರ ಚೆನ್ನವ್ವ ಕೇಳಿದಳು, "ಆ ಹೆಣಮಗಳು ನಮ್ಮ ಮನಿಗೆ ಯಾವಾಗ ಬರತಾಳವಾ?"

"ಮುಂದಿನ ವಾರ" ಎಂದೆ. ಹೀಗೆ ಹೇಳಿದ್ದು ಇದು ಮೂರನೇ ಸಲ. ಥೂ, ನನ್ನ ಜನ್ಮಕ್ಕೆ.

ಜೂನ್ 9, ಮಧ್ಯಾಹ್ನ
ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಮಾಯಪ್ಪ ನಿಲ್ಲಿಸಲಿಲ್ಲ. ಎಲ್ಲ ಕೇಳಿಸಿತು. ಅವ್ವ ತಿಕ್ಕಿದ ಪಾತ್ರೆಗಳನ್ನೇ ಮತ್ತೆ ತಿಕ್ಕತೊಡಗಿದಳು, ಜೋರಾಗಿ.

"ಮದಿವಿ ಇನ್ನ ಹದಿನೈದ ದಿನ ಐತಿ. ಅವರ ನಡುವ ಹೋಗಬ್ಯಾಡ" — ಅಪ್ಪ.

ಎದ್ದೆ. ಬಾಗಿಲತನಕ ಹೋದೆ. ಅಲ್ಲೇ ನಿಂತುಬಿಟ್ಟೆ.

ಜೂನ್ 11
ದವಾಖಾನೆ. ಚೆನ್ನವ್ವನ ಎಡಗಿವಿ ಇನ್ನು ಕೇಳಿಸುವುದಿಲ್ಲವಂತೆ. ತಾನೇ ಬಿದ್ದಳು, ನಾನು ಎಂದೂ ಹೊಡೆದವನಲ್ಲ ಎಂದು ಮಾಯಪ್ಪ ಪೊಲೀಸರ ಮುಂದೆ ಹೇಳಿದ್ದಾನೆ. ಗಲ್ಲಿಯವರೆಲ್ಲ ಹೌದೆಂದಿದ್ದಾರೆ. ಅಪ್ಪನೂ.

ಚೆನ್ನವ್ವ ಎದ್ದು ಕೂತು ನನ್ನ ಕಡೆ ಬೆರಳು ಮಾಡಿದಳು.

"ಖೋಟಂ ಐತ್ರಿ ಸಾಹೇಬ, ಬರೇ ಸುಳ್ಳ. ಮಾರ್ಚದಾಗ ಈಕೀ ಮುಂದ ಎಲ್ಲಾ ಹೇಳೇನಿ. ಬರಕೊಂಡಾಳ. ಕಾಗದ ಐತಿ."

ಎಷ್ಟು ನಂಬಿಕೆ! ಹೇಳಿಕೆ ಪಡೆಯಲು ಬಂದಿದ್ದ ಪೊಲೀಸ್ ಫೌಜದಾರರು ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿದರು. ನಾಳೆ ಹನ್ನೊಂದಕ್ಕೆ ಆಫೀಸಿನಲ್ಲಿ ಆ ಫಾರ್ಮ್ ತೆಗೆಯುತ್ತಾರೆ. ನನ್ನ ಅಕ್ಷರ.

ಬೀಗರ ಕಿವಿಗೆ ಬಿದ್ದರೆ ಅಕ್ಕನ ಮದುವೆ ನಿಂತೀತು. ನಿಲ್ಲಲಿ ಅನ್ನಲು ಬಾಯಿ ಬರುತ್ತಿಲ್ಲ. ಆದರೆ ಆ ಹೆಂಗಸನ್ನು ಸುಳ್ಳಿ ಮಾಡಲಾರೆ. ಹೇಳುವುದನ್ನು ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ.

ಸಾಹೇಬರೇ, ಚೆನ್ನವ್ವ ಅಂದದ್ದು ಖರೆ. ಅವಳು ಹೇಳಿದ್ದಳು. ನಾನು —